ಕಲ್ಲು ಹಿತ್ತಿಲಿನ ಕೋಳಿ ಬೇಲಿ

ಮೊನ್ನೆ ಮಾಲೂರಿನಲ್ಲಿ ನನ್ನ ತಂಗಿಯ ಮನೆಗೆ ನೆಲದ ಕಲ್ಲು ಹಾಕಿಸುತ್ತಿದ್ದರು. ನೋಡಲು ಹೋಗಿದ್ದೆ. ಅಂಗಳದಲ್ಲಿ ಒಬ್ಬ ಮಷಿನ್ ಹಿಡಿದು ಕಲ್ಲು ಕೊಯ್ಯುತ್ತಿದ್ದ, ಇನ್ನೊಬ್ಬ ಮಗ್ಗಿನಿಂದ ನೀರು ಸುರಿಯುತ್ತಿದ್ದ. ಕಾದ ಕಲ್ಲಿಗೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಈಗಷ್ಟೇ ಆರಿಸಿದ ಬೆಂಕಿಕಡ್ಡಿಯ ವಾಸನೆಗೆ ಹಸಿ ಮಣ್ಣಿನ ವಾಸನೆ ಕಲೆಸಿದ ಹಾಗೆ. ತಂಗಿ ಒಳಗಿನಿಂದ, "ಅಕ್ಕ, ಕಾಫಿ ಆರೋಗ್ತಾ ಐತೆ, ಬಾರೇ" ಎಂದು ಕೂಗಿದಳು. ನಾನು ಕಾಲು ಕೀಳಲಿಲ್ಲ. ಶಿವಾರಪಟ್ಟಣದ ನಮ್ಮ ಹಿತ್ತಿಲು, ನಮ್ಮ ಮನೆಯವರು ಕೆಲಸ ಬಿಟ್ಟು ಕೂತ ಆ ವರ್ಷ, ಆ ಕೋಳಿಗಳು, ಆ ಬೇಲಿ ಎಲ್ಲವೂ ಕಣ್ಣೆದುರು ಬಂದವು.

ನಮ್ಮ ಮನೆಯವರ ಹೆಸರು ಮುನಿರಾಜು. ವಿಗ್ರಹ ಕೆತ್ತುವ ಕೆಲಸ. ಮೀಸೆ ಮೂಡುವ ಮೊದಲೇ ಉಳಿ ಹಿಡಿದವರು. ನಮ್ಮೂರಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕಲ್ಲಿನ ಸದ್ದು ನಿಲ್ಲುವುದಿಲ್ಲ. ಹೊರಗಿನಿಂದ ಬಂದವರಿಗೆ ಅದೆಲ್ಲ ಒಂದೇ ಗದ್ದಲ. ಮದುವೆಯಾಗಿ ಬಂದ ಹೊಸದರಲ್ಲಿ ನನಗೂ ಹಾಗೇ ಇತ್ತು. ಆಮೇಲೆ ಯಾರ ಸುತ್ತಿಗೆ ಯಾವುದು ಅಂತ ಕಿವಿಗೇ ಗೊತ್ತಾಗತೊಡಗಿತು. ಅವರದು ಎರಡು ಪೆಟ್ಟು ಹಗುರ, ಒಂದು ಪೆಟ್ಟು ಭಾರ, ಆಮೇಲೆ ಸ್ವಲ್ಪ ನಿಲುಗಡೆ. ಆ ನಿಲುಗಡೆಯಲ್ಲಿ ಬಾಯಿಂದ ಊದಿ ಧೂಳು ಹಾರಿಸುತ್ತಿದ್ದರು. ಗ್ರೈಂಡರ್ ಬಂದ ಮೇಲೆ ಧೂಳು ಹೆಚ್ಚಾಯಿತು, ಕೆಲಸವೂ ಬೇಗ ಆಯಿತು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಅಂದರೆ, "ಬಟ್ಟೆ ಕಟ್ಟಿದ್ರೆ ದೇವ್ರ ಮುಖ ಕಾಣಲ್ಲ ಕಣೇ" ಅನ್ನುತ್ತಿದ್ದರು.

ಕೆಮ್ಮು ಶುರುವಾಗಿ ಬಹಳ ಕಾಲವಾಗಿತ್ತು. ಆ ವರ್ಷ ಬೇಸಿಗೆಯಲ್ಲಿ ಮನೆಯ ಮೆಟ್ಟಿಲು ಹತ್ತುವುದರಲ್ಲೇ ಕೂತುಬಿಟ್ಟರು. ಕೋಲಾರದ ಡಾಕ್ಟರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಕಲ್ಲಿನ ಧೂಳು ಒಳಗೆ ಕೂತಿದೆ. ಕೂತಿರೋದನ್ನ ತೆಗೆಯೋಕೆ ಆಗಲ್ಲ. ಇನ್ನಷ್ಟು ಹೋಗದ ಹಾಗೆ ನೋಡ್ಕೋಬಹುದು, ಅಷ್ಟೇ. ಇವತ್ತಿಂದ ಕಲ್ಲಿನ ಹತ್ತಿರ ಹೋಗಬೇಡಿ" ಅಂದರು. ಇವರು ಮನೆಗೆ ಬಂದವರೇ ಉಳಿಗಳನ್ನೆಲ್ಲ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಗೋಣಿಚೀಲಕ್ಕೆ ಹಾಕಿ, ಅಟ್ಟಕ್ಕೆ ಏರಿಸಿದರು.

ನಾನು ಮಾಲೂರಿನ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದೆ. ಬೆಳಿಗ್ಗೆ ಫ್ಯಾಕ್ಟರಿ ವ್ಯಾನು ಬರುತ್ತಿತ್ತು, ಸಂಜೆ ಅದೇ ತಂದು ಬಿಡುತ್ತಿತ್ತು. ಮಗಳು ಹಾಸ್ಟೆಲಿನಲ್ಲಿದ್ದಳು. ಅವರು ಇಡೀ ದಿನ ಹಿತ್ತಿಲ ಬಾಗಿಲಲ್ಲಿ ಒಬ್ಬರೇ. ನಾನು ಮುಚ್ಚಿಟ್ಟು ಹೋದ ಅನ್ನ ಸಂಜೆ ಹಾಗೇ ಇರುತ್ತಿತ್ತು. ಯಾಕೆ ಉಣ್ಣಲಿಲ್ಲ ಅಂದರೆ, "ಕೆಲಸ ಮಾಡ್ದೆ ಇರೋನಿಗೆ ಎಂಥ ಹಸಿವು" ಅನ್ನುವರು. ಹೊಲಿಗೆ ಮಷಿನ್ನಿನ ಮುಂದೆ ಕೂತಾಗಲೂ ನನಗೆ ಅವರು ಆ ಬಾಗಿಲಲ್ಲಿ ಕೂತಿರುವುದೇ ಕಾಣುತ್ತಿತ್ತು.

ನನ್ನ ಅಮ್ಮನದು ಮುಳಬಾಗಿಲು ಆಚೆ, ಆಂಧ್ರದ ಗಡಿಯ ಹಳ್ಳಿ, ಮಾತಿಗೆ ತೆಲುಗು ಬೆರೆಯುತ್ತದೆ. ಅಳಿಯನಿಗೆ ಹುಷಾರಿಲ್ಲ ಅಂತ ನೋಡಲು ಬಂದವಳು ಬುಟ್ಟಿಯಲ್ಲಿ ಎರಡು ನಾಟಿ ಕೋಳಿ, ಒಂದು ಹುಂಜ ತಂದಿದ್ದಳು. "ಏಮಯ್ಯಾ ಅಲ್ಲುಡು, ಹಿಂಗೆ ಕೂತ್ಕೊಂಡ್ರೆ ಹೆಂಗೆ? ದಿನಾ ಒಂದು ಮೊಟ್ಟೆ ಬೇಯ್ಸ್ಕೊಂಡು ತಿನ್ನು" ಅಂದು ಹಿತ್ತಿಲಿಗೆ ಬಿಟ್ಟಳು. ಇವರು ಮುಖ ತಿರುಗಿಸಿಕೊಂಡರು. ಅಮ್ಮ ಹೋದ ಮೇಲೆ, "ಈ ಕೊಕ್ಕೋಕ್ಕೋ ಬೇರೆ ಬೇಕಿತ್ತಾ ನಂಗೆ" ಅಂತ ಗೊಣಗಿದರು.

ಆದರೆ ಕೋಳಿ ಮನುಷ್ಯನನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ಬಾಗಿಲಲ್ಲಿ ಕೂತವರ ಕಾಲ ಬೆರಳನ್ನೇ ಕುಕ್ಕುತ್ತಿದ್ದವು. ಮೊದಲು ಓಡಿಸುವುದಕ್ಕೆ ರಾಗಿ ಎರಚಿದರು. ಆಮೇಲೆ ಕರೆಯುವುದಕ್ಕೆ ಎರಚಿದರು. ಒಂದು ಹೇಂಟೆ ಕಾವಿಗೆ ಕೂತಾಗ ಹಳೆಯ ಗೂಡೆಗೆ ಹುಲ್ಲು ಹಾಸಿ ಮೂಲೆ ಮಾಡಿಕೊಟ್ಟರು. ಮರಿ ಒಡೆದ ದಿನ ನಾನು ವ್ಯಾನಿನಿಂದ ಇಳಿಯುವುದನ್ನೇ ಕಾಯುತ್ತಾ ರಸ್ತೆಗೆ ಬಂದು ನಿಂತಿದ್ದರು. ಆ ದಿನ ಪಾತ್ರೆಯಲ್ಲಿ ಅನ್ನ ಉಳಿದಿರಲಿಲ್ಲ.

ಮುಂಗಾರು ಹಿಡಿಯುವ ಹೊತ್ತಿಗೆ ಹಿತ್ತಿಲ ತುಂಬ ಕೋಳಿಮರಿ. ಆಗ ಮುಂಗುಸಿ ಬಂತು.

ನಮ್ಮ ಹಿತ್ತಿಲ ಕೊನೆಯಲ್ಲಿ ಕಲ್ಲಿನ ಚಕ್ಕೆಯ ದೊಡ್ಡ ಗುಡ್ಡೆಯಿತ್ತು. ಅವರು ವರ್ಷಗಟ್ಟಲೆ ಕೆತ್ತಿ ಸುರಿದದ್ದು. ಅದರ ಸಂದಿಯಲ್ಲಿ ಮುಂಗುಸಿ ಮನೆ ಮಾಡಿಕೊಂಡಿತ್ತು. ಹಾಡುಹಗಲೇ ಬರುತ್ತಿತ್ತು. ಮೊದಲು ಮರಿಗಳು ಹೋದವು. ಒಂದು ಸಂಜೆ ನಾನು ಬಂದಾಗ ಅವರು ಹಿತ್ತಿಲ ನಡುವೆ ನೆಲದ ಮೇಲೆ ಕೂತಿದ್ದರು. ತುಟಿ ಕಪ್ಪಾಗಿತ್ತು. ನೀರು ಕುಡಿಸಿ, ಬೆನ್ನು ನೀವಿ, ಉಸಿರು ಸರಿಹೋದ ಮೇಲೆ ಹೇಳಿದರು. ಮುಂಗುಸಿ ಕಾವಿನ ಹೇಂಟೆಯ ಕುತ್ತಿಗೆ ಹಿಡಿದು ಎಳೆದುಕೊಂಡು ಹೋಯಿತಂತೆ. ಓಡಿಸಲು ಎದ್ದರಂತೆ. "ಅದು ಓಡಲಿಲ್ಲ ಪದ್ಮಾ. ನಿಧಾನವಾಗಿ ಎಳ್ಕೊಂಡು ಹೋಯ್ತು. ನನ್ನ ಕೈಲಿ ಅಷ್ಟು ದೂರ ನಡೆಯಕ್ಕಾಗಲಿಲ್ಲ." ಕೆಮ್ಮಿನಿಂದ ಕಣ್ಣಲ್ಲಿ ನೀರು ಬಂದಿತ್ತು ಅಂದುಕೊಂಡೆ. ಕೆಮ್ಮು ನಿಂತ ಮೇಲೂ ಅದು ನಿಲ್ಲಲಿಲ್ಲ.

ಪಕ್ಕದ ಮನೆಯ ಕೃಷ್ಣಪ್ಪ ಬಂದು, "ಮುನಿರಾಜಣ್ಣ, ಒಂದು ತಂತಿ ಎಳ್ದು ಮನೆ ಕರೆಂಟೇ ಕೊಟ್ಬಿಡು. ಒಂದೇ ಏಟು" ಅಂದ. ಇವರು ಕೈಯಲ್ಲೇ ಬೇಡ ಅಂದರು. "ನಿನ್ನ ಮೊಮ್ಮಗು ಚೆಂಡು ಹುಡುಕ್ಕೊಂಡು ಈ ಕಡೆ ಬರ್ತದೆ ಕೃಷ್ಣಪ್ಪ. ಕೋಳಿ ಹೋದ್ರೆ ಹೋಗ್ಲಿ."

ಮಾಸ್ತಿಯ ಹತ್ತಿರ ಟೊಮ್ಯಾಟೊ ಬೆಳೆಯುವ ನನ್ನ ತಮ್ಮ ಸೀನನ ಹೊಲಕ್ಕೆ ಹಂದಿ ಕಾಟಕ್ಕೆಂದು ಸೋಲಾರ್ ಬೇಲಿ ಇತ್ತು. ಅವನು ತಂತಿಗೆ ಕರೆಂಟು ಬಿಡುವ ತನ್ನ ಹಳೆಯ ಪೆಟ್ಟಿಗೆ, ಬ್ಯಾಟರಿ, ತಂತಿಯ ಸುರುಳಿ ಎಲ್ಲವನ್ನೂ ಬೈಕಿನ ಹಿಂದೆ ಕಟ್ಟಿಕೊಂಡು ಬಂದ. ಇದು ಮನೆ ಕರೆಂಟಿನ ಹಾಗೆ ಹಿಡಿದುಕೊಳ್ಳುವುದಿಲ್ಲ. ಬಿಟ್ಟು ಬಿಟ್ಟು ಕ್ಷಣಮಾತ್ರ ಹೊಡೆಯುತ್ತದೆ, ಪ್ರಾಣಿ ಹೆದರಿ ಓಡುತ್ತದೆ, ಸಾಯುವುದಿಲ್ಲ. ಗೂಟ ನೆಟ್ಟು, ತಂತಿ ಗೂಟಕ್ಕೆ ತಾಗದಂತೆ ಪೈಪಿನ ತುಂಡು ತೊಡಿಸಿ, ನೆಲಕ್ಕೆ ಹತ್ತಿರವಾಗಿ ಮೂರು ಸಾಲು ತಂತಿ ಎಳೆದ. ಪೆಟ್ಟಿಗೆಯ ಇನ್ನೊಂದು ತಂತಿಯನ್ನು ಕಬ್ಬಿಣದ ಕಂಬಿಗೆ ಕಟ್ಟಿ ನೆಲಕ್ಕೆ ಹೊಡೆದ. ಕಂಬಿ ಗೇಣುದ್ದ ಇಳಿದು ಕಲ್ಲಿಗೆ ತಾಗಿ ನಿಂತಿತು. "ಸಾಕು ಬಿಡು ಬಾವ, ಅರ್ತಿಂಗ್ ಆಯ್ತು" ಅಂದು ಊಟ ಮಾಡಿ ಹೋದ.

ಪೆಟ್ಟಿಗೆ ಟಿಕ್ ಟಿಕ್ ಅನ್ನುತ್ತಿತ್ತು. ಮಾರನೆಯ ದಿನ ಮುಂಗುಸಿ ಮೂರು ತಂತಿಯ ನಡುವೆ ತೂರಿ ಬಂದು, ಇವರ ಮುಂದೆಯೇ ಒಂದು ಮರಿ ಕಚ್ಚಿಕೊಂಡು, ಬಂದ ದಾರಿಯಲ್ಲೇ ಹೋಯಿತು.

ಸಂಜೆ ನಾನು ಹೋದಾಗ ಅವರು ತಂತಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಒಂದು ಹಸಿ ಹುಲ್ಲಿನ ಎಸಳನ್ನು ತಂತಿಗೆ ತಾಗಿಸಿ ನೋಡುತ್ತಿದ್ದರು.

"ರೀ, ಏನ್ ಮಾಡ್ತಾ ಇದ್ದೀರಾ? ನಿಮ್ಮ ಎದೆ ಇರೋದು ಹಿಂಗೆ, ಅದರ ಮೇಲೆ ಕರೆಂಟಾ?"

"ಕರೆಂಟೇ ಇಲ್ಲ ಕಣೇ. ಇದ್ರೆ ಹುಲ್ಲಲ್ಲಿ ಜುಮ್ ಅನ್ಬೇಕು. ಸೀನ ಫೋನಲ್ಲಿ ಹೇಳ್ಕೊಟ್ಟ."

"ಬಿಟ್ಬಿಡಿ. ಕೋಳಿ ಎಲ್ಲಾ ಅಮ್ಮನಿಗೆ ವಾಪಸ್ ಕೊಟ್ಬಿಡೋಣ."

ಅವರು ಹುಲ್ಲು ಕೆಳಗಿಟ್ಟು ನನ್ನ ಮುಖ ನೋಡಿದರು. "ಇದೊಂದು ಕೆಲಸ ಬಿಡು ಪದ್ಮಾ ನಂಗೆ" ಅಂದರು. ಬೇಸಿಗೆಯಿಂದ ಅವರ ಬಾಯಲ್ಲಿ ನನಗೆ ಇಂಥದ್ದು ಬೇಕು ಅನ್ನುವ ಮಾತೇ ಬಂದಿರಲಿಲ್ಲ.

ಆಮೇಲಿನ ದಿನಗಳೆಲ್ಲ ಬೇಲಿಯದೇ. ನಾನು ಕೆಲಸದಿಂದ ಬಂದು ಕೂತರೆ ಸಾಕು, ಆ ದಿನದ ವರದಿ. ಮೊದಲು ಬ್ಯಾಟರಿ ಮೇಲೆ ಅನುಮಾನಪಟ್ಟರು. ಸೀನ ಒಯ್ದು ತುಂಬ ಚಾರ್ಜ್ ಮಾಡಿಸಿ ತಂದ, ಏನೂ ಬದಲಾಗಲಿಲ್ಲ. ಮಳೆಗೆ ಎದ್ದ ಹುಲ್ಲು ಕೆಳಗಿನ ತಂತಿಗೆ ತಾಗಿ ಅಲ್ಲೇ ಕರೆಂಟು ಇಳಿದುಹೋಗುತ್ತದೆ ಅಂತ ತಿಳಿದು, ಕೂತು ಕೂತೇ ಸುತ್ತ ಹುಲ್ಲು ಕೊಯ್ದರು. ಸ್ವಲ್ಪ ಕೊಯ್ಯುವುದು, ಉಸಿರು ತಗೊಳ್ಳುವುದು, ಮತ್ತೆ ಕೊಯ್ಯುವುದು. ಒಂದು ಗೂಟದ ಹತ್ತಿರ ಚಟ್ ಚಟ್ ಸದ್ದು ಕೇಳಿ ಬಗ್ಗಿ ನೋಡಿದರೆ ಪೈಪಿನ ತುಂಡು ಸೀಳಿ ತಂತಿ ಒದ್ದೆ ಮರಕ್ಕೆ ತಾಗಿತ್ತು. ಹೊಸದು ತೊಡಿಸಿದರು. ಇಷ್ಟಾದರೂ ಬಿಸಿಲು ಬಂದರೆ ಬೇಲಿ ಸತ್ತ ಹಾಗೆ.

ಒಂದು ಮಧ್ಯಾಹ್ನ ಜೋರು ಮಳೆ ಬಂದು ನಿಂತಿತ್ತಂತೆ. ಒದ್ದೆಯಾಗಿ ನಡುಗುತ್ತಿದ್ದ ಮರಿಯೊಂದನ್ನು ಎತ್ತಲು ಬರಿಗಾಲಲ್ಲಿ ಹೋದವರ ಮೊಣಕಾಲು ತಂತಿಗೆ ತಾಗಿ, ಹೊಡೆದ ಹೊಡೆತಕ್ಕೆ ಧೊಪ್ಪನೆ ಕೂತುಬಿಟ್ಟರಂತೆ. ನಾನು ವ್ಯಾನಿನಿಂದ ಇಳಿಯುತ್ತಲೇ, "ಹೊಡೀತು ಕಣೇ! ಸರಿಯಾಗಿ ಹೊಡೀತು!" ಅಂದರು. ಹಬ್ಬದ ಸುದ್ದಿ ಹೇಳಿದ ಹಾಗೆ. ನಾನು ಬೈದೆ. ಅದು ಅವರ ಕಿವಿಗೇ ಬೀಳಲಿಲ್ಲ.

"ನೆಲ ಒದ್ದೆಯಿದ್ರೆ ಹೊಡೀತದೆ. ಒಣಗಿದ್ರೆ ಇಲ್ಲ. ತಂತೀದಲ್ಲ ಪದ್ಮಾ ತಪ್ಪು, ನೆಲದ್ದು." ನೆಲದ ಮೇಲೆ ಬೆರಳಿನಿಂದ ಗೀರಿ ತೋರಿಸಿದರು. ಪೆಟ್ಟಿಗೆಯಿಂದ ಹೊರಟ ಕರೆಂಟು ತಂತಿಗೆ ಹೋಗಬೇಕು, ತಂತಿ ಮುಟ್ಟಿದ ಪ್ರಾಣಿಯ ಮೈಯಿಂದ ನೆಲಕ್ಕಿಳಿಯಬೇಕು, ನೆಲದೊಳಗಿನಿಂದ ಆ ಕಂಬಿಗೆ ಬಂದು ಪೆಟ್ಟಿಗೆ ಸೇರಬೇಕು. ಆಗಲೇ ಏಟು. ನಮ್ಮ ಹಿತ್ತಿಲಲ್ಲಿ ಬೇಲಿಯಿದ್ದ ಕಡೆ ಸರಿಯಾದ ಮಣ್ಣೇ ಇರಲಿಲ್ಲ. ಮೇಲೆ ಅವರು ಕೆತ್ತಿ ಹರಡಿದ ಒಣ ಚಕ್ಕೆ, ಕೆಳಗೆ ಹಾಸುಬಂಡೆ. ಕಂಬಿ ಚಕ್ಕೆಯಲ್ಲಿ ಸಿಕ್ಕಿಕೊಂಡು ನಿಂತಿತ್ತು, ಅಷ್ಟೇ. "ಆಳಕ್ಕೆ ಇಳಿಸ್ಬೇಕು" ಅಂದರು. ನಾನು ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಎರಡು ದಿನ ಬಿಟ್ಟು ಸಂಜೆ ವ್ಯಾನು ಊರು ಸೇರಿತು. ಕಿಟಕಿಯ ಪಕ್ಕ ಕೂತಿದ್ದೆ. ಊರಿನ ಸದ್ದೆಲ್ಲದರ ನಡುವೆ ಎರಡು ಹಗುರ, ಒಂದು ಭಾರ, ನಿಲುಗಡೆ. ಮತ್ತೆ ಎರಡು ಹಗುರ, ಒಂದು ಭಾರ. ಎಷ್ಟೋ ತಿಂಗಳಿಂದ ಕೇಳದ ಸದ್ದು. ಸುಳ್ಳು ಯಾಕೆ ಹೇಳಲಿ, ಮೊದಲು ಎದೆಯೊಳಗೆ ಸಂತೋಷವೇ ಆಯಿತು. ಮಳೆಗಾಲದಲ್ಲಿ ತವರಿನ ದನಿ ಕೇಳಿದ ಹಾಗೆ. ಮರುಕ್ಷಣವೇ ಅದೇನೆಂದು ತಿಳಿದು, ವ್ಯಾನು ನಿಲ್ಲುವ ಮೊದಲೇ ಬಾಗಿಲಿಗೆ ಹೋದೆ. ಚಪ್ಪಲಿ ಒಂದು ರಸ್ತೆಯಲ್ಲೇ ಉಳಿಯಿತು.

ಅವರು ಚಕ್ಕೆ ಬಗೆದು, ಬಂಡೆಯ ಮೇಲೆ ಮಂಡಿಯೂರಿ, ಕಂಬಿ ಇಳಿಸಲು ತೂತು ಹೊಡೆಯುತ್ತಿದ್ದರು. ಹುಬ್ಬಿನ ಮೇಲೆ, ಮೀಸೆಯ ಮೇಲೆ ಬಿಳಿ ಧೂಳು. ನಾನು ಮದುವೆಯಾದ ಮನುಷ್ಯ ಹಾಗೇ ಇದ್ದರು ಅಲ್ಲಿ. ಉಳಿಯನ್ನು ಕೈಯಿಂದ ಕಿತ್ತುಕೊಂಡು ಗೋಡೆಯಾಚೆ ಎಸೆದೆ.

"ಸಾಯ್ಬೇಕು ಅಂತಿದ್ರೆ ಹೇಳ್ಬಿಡಿ ನಂಗೆ! ಅಲ್ಲಿ ಕೂತು ದಿನಾ ಅದನ್ನೇ ನೆನಸ್ಕೊಂಡು ಕಾಲರ್ ಹೊಲೀತೀನಿ ನಾನು. ಒಂದು ಕೋಳೀಗೋಸ್ಕರ ಪ್ರಾಣ ಕೊಡ್ತೀರಾ?"

"ನೀರು ಹಾಕ್ಕೊಂಡೇ ಹೊಡೀತಿದ್ದೆ" ಅಂದರು. ಪಕ್ಕದಲ್ಲಿ ಚೊಂಬು ಇತ್ತು, ಬಂಡೆ ಒದ್ದೆಯಾಗಿ ಆ ವಾಸನೆ ಬರುತ್ತಿತ್ತು. ಚೊಂಬಿನ ನೀರು ಯಾವಾಗಲೋ ಮುಗಿದಿತ್ತು. ಅವರು ಇನ್ನೇನೋ ಹೇಳಲು ಹೋದರು, ಕೆಮ್ಮು ಬಂತು. ಬಂದದ್ದು ನಿಲ್ಲಲೇ ಇಲ್ಲ. ಬೆನ್ನು ಹಿಡಿದುಕೊಂಡು ಕೂತೆ. ಬೈಯಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ನಿಂತ ಮೇಲೆ ಅವರು ಮೆತ್ತಗೆ ಅಂದರು: "ಕೋಳಿಗಲ್ಲ ಕಣೇ. ಕೈಗೆ. ಈ ಕೈಗೆ ಬೇರೆ ಏನೂ ಬರಲ್ಲ."

ನಾನು ಆ ಕೈ ತೊಳೆಯಲೆಂದು ಬಚ್ಚಲ ಹತ್ತಿರ ಕರೆದುಕೊಂಡು ಹೋದೆ. ನಮ್ಮ ಬಚ್ಚಲ ನೀರು ಹೋಗುವ ಕಡೆ ಒಂದು ಬಾಳೆಗಿಡವಿತ್ತು. ಬೇಸಿಗೆಯಲ್ಲೂ ಅಲ್ಲಿ ಕಾಲಿಟ್ಟರೆ ಪಚಪಚ. ನೀರು ಸುರಿಯುತ್ತಾ, ಇನ್ನೂ ಸಿಟ್ಟಿನಲ್ಲೇ ಕೇಳಿದೆ: "ಅಲ್ಲೇ ಯಾಕೆ ಇಳಿಸ್ಬೇಕು? ಇಲ್ಲಿ ಮಣ್ಣಿಲ್ವಾ? ಇಲ್ಲಿ ಕೈಯಲ್ಲಿ ಒತ್ತಿದ್ರೂ ಇಳೀತದಲ್ಲ ನಿಮ್ಮ ಕಂಬಿ?"

ಅವರು ಬಾಳೆಗಿಡವನ್ನು ನೋಡಿದರು. ನನ್ನನ್ನು ನೋಡಿದರು. "ಲೇ" ಅಂದರು, ಅಷ್ಟೇ.

ಭಾನುವಾರ ನನಗೆ ರಜ. ಸೀನನೂ ಬಂದ. ಕಂಬಿಯನ್ನು ಬಾಳೆಗಿಡದ ಬುಡಕ್ಕೆ ಇಳಿಸಿ ಪೆಟ್ಟಿಗೆಗೆ ತಂತಿ ಎಳೆದೆವು. ಆದರೆ ಮುಂಗುಸಿ ಬರುವುದು ಒಣ ಚಕ್ಕೆಯ ಮೇಲೆ ನಡೆದುಕೊಂಡು. ಅದರ ಕಾಲಿನಿಂದ ಬಾಳೆಗಿಡದವರೆಗೆ ಕರೆಂಟು ಹೇಗೆ ಹೋಗುತ್ತದೆ? ಇದನ್ನು ಅವರು ರಾತ್ರಿಯೆಲ್ಲ ಯೋಚಿಸಿಟ್ಟಿದ್ದರು. "ಮೂರು ತಂತೀಲಿ ನಡುವಿಂದನ್ನ ಬಿಚ್ಚಿ ಆ ಕಂಬೀಗೇ ಕಟ್ಟು ಸೀನ. ಮೇಲೆ ಕೆಳಗೆ ಕರೆಂಟು, ನಡುವೆ ವಾಪಸ್ ದಾರಿ. ತೂರ್ಕೊಂಡು ಬರೋದು ಎರಡನ್ನೂ ಮುಟ್ಲೇಬೇಕು. ನೆಲದ ಹಂಗೇ ಬೇಡ." ಅವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹೇಳುತ್ತಾ ಹೋದರು, ನಾನೂ ಸೀನನೂ ಗೂಟದಿಂದ ಗೂಟಕ್ಕೆ ಓಡಾಡಿದೆವು. "ಅಲ್ಲಿ ಜೋತಾಡ್ತಾ ಐತೆ, ಎಳಿ. ಇನ್ನೊಂಚೂರು. ಲೇ ಪದ್ಮಾ, ಅದು ಬಟನ್ ಹೊಲಿಯೋದಲ್ಲ, ಬಿಗಿಯಾಗಿ ಸುತ್ತು!" ಹಿಂದೆ ಕೆತ್ತನೆಯ ಶೆಡ್ಡಿನಲ್ಲಿ ಕೆಲಸದವರಿಗೆ ಹೇಳುತ್ತಿದ್ದ ಅದೇ ಗತ್ತು. ಸೀನ ನನ್ನ ಕಡೆ ನೋಡಿ ನಕ್ಕ.

ಊಟದ ಹೊತ್ತಿಗೆ ಮುಗಿಯಿತು. ಮೂವರೂ ಹಿತ್ತಿಲ ಬಾಗಿಲಲ್ಲೇ ಮುದ್ದೆ ಸಾರು ಇಟ್ಟುಕೊಂಡು ಕೂತೆವು. ಬಿಸಿಲು ಸುಡುತ್ತಿತ್ತು, ಚಕ್ಕೆ ಒಣಗಿ ಬೆಳ್ಳಗಿತ್ತು. ಮುದ್ದೆ ಅರ್ಧ ಆಗಿರಬೇಕು, ಗುಡ್ಡೆಯ ಸಂದಿಯಿಂದ ಮೂತಿ ಹೊರಬಂತು. ಅದು ದಿನದಂತೆ ಆರಾಮಾಗಿ ಬಂತು, ಮೂಸಿತು, ಕೆಳಗಿನೆರಡು ತಂತಿಯ ನಡುವೆ ಮೂಗು ತೂರಿಸಿತು. ಕೀಚ್ ಎಂದು ಒಂದು ಸದ್ದು. ಮೇಲಕ್ಕೆ ಹಾರಿದ್ದು ಮಾತ್ರ ಕಂಡಿತು, ಓಡಿದ್ದು ಕಾಣಲೇ ಇಲ್ಲ. ಕೋಳಿಗಳೆಲ್ಲ ಒಟ್ಟಿಗೆ ಕೂಗಿಕೊಂಡವು. ಇವರು ಮುದ್ದೆಯ ಕೈಯಲ್ಲೇ ತೊಡೆ ತಟ್ಟಿಕೊಂಡು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. ಸುಧಾರಿಸಿಕೊಂಡ ಮೇಲೆ ಗುಡ್ಡೆಯ ಕಡೆ ನೋಡಿ, "ಪಾಪ, ಮೂಗಿಗೇ ಬಿತ್ತು. ಅದಕ್ಕೂ ಒಳಗೆ ಮರಿ ಇರ್ತವೆ" ಅಂದರು. ಸೀನ ಆ ಗುಡ್ಡೆ ತೆಗೆಸಿಬಿಡೋಣ ಅಂದಾಗ ಬೇಡ ಅಂದರು. ಮುಂಗುಸಿ ಅಲ್ಲೇ ಇತ್ತು. ಬೇಲಿಯೊಳಗೆ ಮಾತ್ರ ಮತ್ತೆ ಬರಲಿಲ್ಲ.

ಸೀನ ಸುಮ್ಮನಿರುವವನಲ್ಲ. ಮಾಸ್ತಿಯ ಸಂತೆಯಲ್ಲಿ, ಟೊಮ್ಯಾಟೊ ಮಂಡಿಯಲ್ಲಿ ಬಾವನ ಕತೆ ಹೇಳಿದ. ಬೇಲಿ ಕೆಲಸ ಮಾಡುತ್ತಿಲ್ಲ ಅಂದವರೆಲ್ಲ ಮನೆ ಹುಡುಕಿಕೊಂಡು ಬರತೊಡಗಿದರು. ಇವರು ಒಗೆದ ಅಂಗಿ ಹಾಕಿಕೊಂಡು, ಬೈಕಿನ ಹಿಂದೆ ಕೂತು ಹೋಗುವರು. ಹೊಲದ ಬದುವಿನಲ್ಲಿ ಕೂತು, ಅಲ್ಲಿ ನೋಡು ಇಲ್ಲಿ ನೋಡು ಅಂತ ಹೇಳಿ, ತಪ್ಪು ಸಿಗುವವರೆಗೆ ಏಳುತ್ತಿರಲಿಲ್ಲವಂತೆ. ರಜದ ದಿನ ನಾನೂ ಜೊತೆಗೆ ಹೋದದ್ದುಂಟು. ಮಗಳು ಹಾಸ್ಟೆಲಿನಿಂದ ಬಂದವಳು, "ಅಪ್ಪ ದಪ್ಪ ಆಗಿದ್ದಾರಲ್ಲಮ್ಮ" ಅಂದಳು. ದಪ್ಪ ಏನಿಲ್ಲ, ಉಣ್ಣುತ್ತಿದ್ದರು.

ಒಳಗೆ ಕೂತ ಧೂಳು ಕೂತೇ ಇತ್ತು. ಡಾಕ್ಟರು ಮೊದಲೇ ಹೇಳಿದ್ದರು. ಮುಂದಿನ ವರ್ಷ ಆಮ್ಲಜನಕದ ಸಿಲಿಂಡರು ಮನೆಗೆ ಬಂತು. ಅದರ ಮರುವರ್ಷ ಮಾಗಿಯ ಚಳಿಯಲ್ಲಿ, ಬೆಳಗಿನ ಹೊತ್ತು, ಕೋಳಿ ಬಿಟ್ಟೆಯಾ ಅಂತ ನನ್ನನ್ನು ಕೇಳಿ, ಬಿಟ್ಟೆ ಅಂದ ಮೇಲೆ ಕಣ್ಣು ಮುಚ್ಚಿಕೊಂಡವರು ಮತ್ತೆ ತೆರೆಯಲಿಲ್ಲ.

ತಿಥಿ ಎಲ್ಲ ಮುಗಿದು, ನಾನು ಇನ್ನೂ ಕೆಲಸಕ್ಕೆ ಹೋಗಲು ಶುರುಮಾಡಿರಲಿಲ್ಲ. ಶ್ರೀನಿವಾಸಪುರದ ಕಡೆಯ ಹಳ್ಳಿಯಿಂದ ಒಬ್ಬ ರೈತ ಬಾಗಿಲಿಗೆ ಬಂದ. ಕೋಳಿ ಸಾಕಿದ್ದಾನೆ, ನರಿ ಕಾಟ, ಬೇಲಿ ಹಾಕಿಸಿದ್ದಾನೆ, ಹೊಡೆಯುತ್ತಿಲ್ಲ. "ಮುನಿರಾಜಣ್ಣ ಅವ್ರು ಇದ್ದಾರಾಮ್ಮ?" ಅಂದ. ಗೋಡೆಯ ಮೇಲೆ ಹಾರ ಹಾಕಿದ ಫೋಟೊ ನೋಡಿದವನು ಕೈ ಮುಗಿದ. "ತಪ್ಪಾಯ್ತಮ್ಮ, ಗೊತ್ತಿರ್ಲಿಲ್ಲ" ಅಂದು ತಿರುಗಿದ.

"ನಿಂತ್ಕೊಳಪ್ಪ" ಅಂದೆ. ಯಾಕೆ ಅಂದೆನೋ ಈಗಲೂ ತಿಳಿಯದು. ಒಳಗೆ ಹೋಗಿ ಸೀರೆ ಬದಲಾಯಿಸಿದೆ, ಕೋಳಿಗಳಿಗೆ ನೀರಿಟ್ಟೆ, ಬೀಗ ಹಾಕಿ ಅವನ ಜೊತೆ ಬಸ್ಸು ಹತ್ತಿದೆ.

ಅವನ ಹಿತ್ತಿಲು ದೊಡ್ಡದು. ಒಳ್ಳೆಯ ಕೆಂಪು ಮಣ್ಣು, ಕಂಬಿ ಆಳಕ್ಕೆ ಇಳಿದಿತ್ತು. ಹಾಗಾಗಿ ತಪ್ಪು ಬೇರೆಲ್ಲೋ ಇರಬೇಕು. ಪೆಟ್ಟಿಗೆಯಿಂದ ಶುರುಮಾಡಿ ಗೂಟ ಗೂಟಕ್ಕೂ ಬಗ್ಗಿ ನೋಡುತ್ತಾ ನಡೆದೆ. ಅವನೂ ಅವನ ಹೆಂಡತಿಯೂ ನಂಬಿಕೆಯಿಲ್ಲದ ಮುಖದಲ್ಲಿ ಹಿಂದೆ ಬಂದರು. ಮೂಲೆಯಲ್ಲಿ ಅವರೆ ಬಳ್ಳಿ ಬೇಲಿಯ ಮೇಲೆ ಹಬ್ಬಿತ್ತು. ಅದನ್ನು ಸರಿಸಿದರೆ, ತಂತಿಗೆ ತಂತಿ ಗಂಟು ಹಾಕಿದ ಕಡೆ ತುಕ್ಕು ಹಿಡಿದು ಬಿಟ್ಟುಹೋಗಿತ್ತು. ಪೆಟ್ಟಿಗೆ ಬಂದ್ ಮಾಡಿಸಿ, ತುಕ್ಕು ಉಜ್ಜಿ, ಬಿಗಿಯಾಗಿ ಸುತ್ತಿದೆ. ಬಳ್ಳಿ ಕೊಯ್ಯಬೇಡಿ, ಈಚೆ ಚಪ್ಪರಕ್ಕೆ ಹಬ್ಬಿಸಿ ಅಂದೆ. ಪೆಟ್ಟಿಗೆ ಹಾಕಿದ ಮೇಲೆ ಹುಲ್ಲಿನ ಎಸಳು ತಾಗಿಸಿ ನೋಡಿದೆ. ಬೆರಳ ತುದಿಗೆ ಜುಮ್ ಅಂದಿತು.

ಆ ಹೆಂಗಸು ಬೆರಗಾಗಿ ಕೇಳಿದಳು: "ಇದೆಲ್ಲ ಯಾರಕ್ಕ ಕಲಿಸಿದ್ದು ನಿಂಗೆ?"

"ನಮ್ಮನೆಯೋರು" ಅಂದೆ.

ಅವರು ಹೋದ ದಿನದಿಂದ ಆ ಮಾತು ಬಾಯಿಗೆ ಬಂದಾಗಲೆಲ್ಲ ಅರ್ಧಕ್ಕೇ ನುಂಗಿಕೊಳ್ಳುತ್ತಿದ್ದೆ. ಅವತ್ತು ಇಡಿಯಾಗಿ ಬಂತು. ಆಕೆ ಜಗಲಿಯ ಮೇಲೆ ಚಾಪೆ ಹಾಸಿ ಕಾಫಿ ಕೊಟ್ಟಳು. ಕುಡಿಯುತ್ತಾ, ಅವರು ಎಂಥೆಂಥ ವಿಗ್ರಹ ಕೆತ್ತುತ್ತಿದ್ದರು ಅಂತ ಅವಳಿಗೆ ಹೇಳುತ್ತಾ ಕೂತೆ. ಕೊನೆಯ ಬಸ್ಸು ಹೊರಡುವ ಹೊತ್ತಾಯಿತು ಅಂತ ಅವನು ಬಂದು ಎಬ್ಬಿಸುವವರೆಗೆ ಹೇಳುತ್ತಲೇ ಇದ್ದೆ.